ಬಿಕ್ಕಲಂ ಇಲ್ಲದ ಅರ್ಜಿ

ಅರ್ಜಿ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದ ಎರಡನೆಯ ದಿನ ಸಾಹಿತ್ಯಾಸಕ್ತರ ಕಡೆಯಿಂದ ಇಬ್ಬರು ನಮ್ಮ ಮನೆಗೆ ಬಂದರು. ಸಂತಾಪ ಸಭೆಯಲ್ಲಿ ನಾನೇ ಮೊದಲು ಮಾತಾಡಬೇಕು ಎಂದರು. ಅವರನ್ನು ಅಷ್ಟು ವರ್ಷ ಹತ್ತಿರದಿಂದ ಕಂಡವನು, ಮೇಲಾಗಿ ಕಥೆಗಾರ, ನನಗಿಂತ ಯೋಗ್ಯರು ಇನ್ಯಾರು ಎಂಬುದು ಬಂದವರ ವಾದ. ನಾನು ಗಂಟಲು ಮುಟ್ಟಿಕೊಂಡು, ಕಟ್ಟಿಬಿಟ್ಟಿದೆ, ಮಾತೇ ಹೊರಡುತ್ತಿಲ್ಲ ಎಂದೆ. ಹಾಗೆ ಹೇಳುವಾಗ ಮಾತು ಸಲೀಸಾಗಿಯೇ ಹೊರಡುತ್ತಿತ್ತು. ಪಾಪ, ಅವರು ನಂಬಿದರು. ಬಿಸಿನೀರಿಗೆ ಅರಿಸಿನ ಹಾಕಿ ಕುಡಿಯಲು ಹೇಳಿ, ಹಾಗಾದರೆ ನೆನಪಿನ ಸಂಚಿಕೆಗಾದರೂ ನಾಲ್ಕು ಪುಟ ಬರೆದುಕೊಡಿ ಎಂದು ಕೇಳಿ ಹೋದರು. ಗಂಟಲು ಕಟ್ಟಿದೆ ಎನ್ನಬಹುದು, ಕೈ ಕಟ್ಟಿದೆ ಎನ್ನಲು ಬರುವುದಿಲ್ಲವಲ್ಲ. ಹಾಗಾಗಿ ಬರೆಯಲು ಕೂತಿದ್ದೇನೆ.

ಅರವತ್ತರ ದಶಕದ ನಡುವಿನಲ್ಲಿ ನಾನು ಒಂದು ತಾಲ್ಲೂಕು ಕಚೇರಿಗೆ ಟಪಾಲು ಗುಮಾಸ್ತನಾಗಿ ಸೇರಿದೆ. ಊರಿನ ಹೆಸರು ಬೇಡ. ಬೆಂಗಳೂರಿನಿಂದ ಬೆಳಗಿನ ಮೊದಲ ಬಸ್ಸು ಹತ್ತಿದರೆ ಕಾಫಿ ಹೊತ್ತಿಗೆ ತಲುಪಬಹುದಾದ ಊರು. ಬಂದ ಕಾಗದಗಳನ್ನು ತೆಗೆದುಕೊಂಡು, ಸೀಲು ಹೊಡೆದು, ನಂಬರು ಕೊಟ್ಟು, ಸಂಬಂಧಪಟ್ಟ ಮೇಜಿಗೆ ಕಳಿಸುವುದು ನನ್ನ ಕೆಲಸ. ನನ್ನ ಪಕ್ಕದ ಕಿಟಕಿಯಿಂದ ಅಂಗಳದ ಹೊಂಗೆ ಮರ ಕಾಣುತ್ತಿತ್ತು. ಅದರ ಬುಡದಲ್ಲಿ, ಚಾಪೆಯ ಮೇಲೆ, ಒಂದು ಇಳಿಜಾರು ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಅವರು ಕೂತಿರುತ್ತಿದ್ದರು. ಓದು ಬರಹ ಬಾರದವರಿಗೆ ಅರ್ಜಿ ಬರೆದುಕೊಡುವುದು ಅವರ ಕಸುಬು. ಒಂದು ದಿನವೂ ಪಾಠ ಹೇಳಿದವರಲ್ಲ, ಆದರೂ ಜನ ಅವರನ್ನು ಅರ್ಜಿ ಮೇಷ್ಟ್ರು ಎನ್ನುತ್ತಿದ್ದರು.

ದೊಡ್ಡಬಳ್ಳಾಪುರದ ನೇಕಾರರ ಮನೆಯವರು. ಅಪ್ಪನ ಕಾಲಕ್ಕೆ ಕೈಮಗ್ಗ ಮಾರಿಹೋಗಿ, ಇವರು ಓದಿದ ಅಷ್ಟಿಷ್ಟು ಅಕ್ಷರವನ್ನೇ ನಂಬಿ ಈ ಊರಿಗೆ ಬಂದಿದ್ದರು. ಮಗ್ಗ ಹೋದರೂ ಕಾಲು ಅದನ್ನು ಮರೆತಿರಲಿಲ್ಲ. ಬರೆಯುತ್ತ ಕೂತಾಗ ಅವರ ಬಲಗಾಲು ತನ್ನಷ್ಟಕ್ಕೆ ತಾನೇ ಮಗ್ಗ ತುಳಿಯುವಂತೆ ಮೇಲೆ ಕೆಳಗೆ ಆಡುತ್ತಿತ್ತು. ಕಾಲು ನಿಂತರೆ ವಾಕ್ಯ ಎಲ್ಲೋ ಸಿಕ್ಕಿಕೊಂಡಿದೆ ಎಂದು ನಾನು ಕಿಟಕಿಯಿಂದಲೇ ತಿಳಿಯುತ್ತಿದ್ದೆ.

ಆ ಕಾಲದ ಅರ್ಜಿಗಳಿಗೆಲ್ಲ ಒಂದೇ ಮುಖ. ಮಹಾಸ್ವಾಮಿಯವರ ಪಾದಾರವಿಂದಗಳಿಗೆ ಕಡು ಬಡವನಾದ ನಾನು ಬೇಡಿಕೊಳ್ಳುವುದೇನೆಂದರೆ ಎಂದು ಶುರುವಾಗಿ, ಮುಗಿಯುವ ಹೊತ್ತಿಗೆ ಅರ್ಜಿದಾರ ನೆಲಕ್ಕೆ ಬಿದ್ದೇ ಇರುತ್ತಿದ್ದ. ಇವರು ಪಾದವನ್ನೂ ಬರೆಯುತ್ತಿರಲಿಲ್ಲ, ಬೇಡಿಕೊಳ್ಳುತ್ತೇನೆ ಎಂದೂ ಬರೆಯುತ್ತಿರಲಿಲ್ಲ. ‘ತಿಳಿಸುತ್ತೇನೆ’ ಎಂದು ಬರೆಯುತ್ತಿದ್ದರು. ಬಂದವರನ್ನು ಏನು ಬೇಕು ಎಂದು ಮೊದಲು ಕೇಳುತ್ತಿರಲಿಲ್ಲ. ಬೆಳಿಗ್ಗೆ ಏನು ತಿಂದು ಬಂದಿರಿ, ಯಾವ ದಾರಿಯಲ್ಲಿ ನಡೆದಿರಿ ಎಂದು ಕೇಳುತ್ತಿದ್ದರು. ಅಲ್ಲಿಂದ ಮಾತು ಹೊರಡುತ್ತಿತ್ತು, ಅದನ್ನೇ ಬರೆಯುತ್ತಿದ್ದರು. ನಾನೊಮ್ಮೆ, ಇದೆಲ್ಲ ಅರ್ಜಿಯ ರೀತಿಯಲ್ಲ, ಕಥೆ ಇದ್ದಹಾಗಿದೆ ಎಂದು ಆಕ್ಷೇಪಿಸಿದೆ.

"ಕಥೆ ಅಂದ್ರೆ ಜನ ಕೊನೇವರ್ಗೂ ಓದ್ತಾರೆ ಸ್ವಾಮಿ. ಅರ್ಜೀನ ಯಾರೂ ಓದಲ್ಲ. ಅದಕ್ಕೇ ಹಿಂಗ್ ಬರೀತೀನಿ" ಎಂದರು.

ಬರೆದಾದ ಮೇಲೆ ಅವರದೊಂದು ಪದ್ಧತಿ ಇತ್ತು. ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುವುದು. ಅರ್ಜಿದಾರರು "ಹೂಂ, ನನ್ ಮಾತೇ" ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಹೆಬ್ಬೆಟ್ಟಿಗೆ ಮಸಿ ಹಚ್ಚುತ್ತಿರಲಿಲ್ಲ. ಹರಿದು ಮತ್ತೆ ಬರೆಯುತ್ತಿದ್ದರು. ಎಲ್ಲ ಮುಗಿದ ಮೇಲೆ, ಹೆಬ್ಬೆಟ್ಟಿನ ಕೆಳಗೆ, ಬಿಕ್ಕಲಂ ಎಂದು ಬರೆದು ತಮ್ಮ ಹೆಸರು ಹಾಕುತ್ತಿದ್ದರು. ಬಿಕ್ಕಲಂ ಎಂದರೆ ಪತ್ರವನ್ನು ಯಾರ ಕೈ ಬರೆಯಿತು ಎಂದು ತಿಳಿಸುವ ಕೊನೆಯ ಸಾಲು. ಕ್ರಯಪತ್ರಗಳಿಗೆ ಅದು ಬೇಕೇ ಬೇಕು, ಅರ್ಜಿಗೆ ಅಂಥ ಕಡ್ಡಾಯವೇನೂ ಇರಲಿಲ್ಲ. ಉಳಿದ ಬರಹಗಾರರು ಯಾಕೆ ತಲೆನೋವು ಎಂದು ಬಿಟ್ಟುಬಿಡುತ್ತಿದ್ದರು. ಇವರು ಒಂದನ್ನೂ ಬಿಟ್ಟವರಲ್ಲ. ಬೆರಳು ಅರ್ಜಿದಾರರದು, ಮಾತು ಕೂಡಿಸಿದ್ದು ತಾನು, ತಪ್ಪಿದ್ದರೆ ಉತ್ತರ ಹೇಳಬೇಕಾದವನು ತಾನು ಎಂಬುದು ಅವರ ಲೆಕ್ಕಾಚಾರ. ಓದುವಾಗ ಆ ಸಾಲನ್ನೂ ಸೇರಿಸಿ ಓದುತ್ತಿದ್ದರು. ದಿನಕ್ಕೆ ಐದಾರು ಸಲ ಕಿಟಕಿಯಲ್ಲಿ ಅವರ ಹೆಸರು ಅವರದೇ ದನಿಯಲ್ಲಿ ಕೇಳಿಸುತ್ತಿತ್ತು.

ನನಗೆ ಆಗ ಕಥೆಗಾರನಾಗುವ ಹುಚ್ಚು. ವಾರಪತ್ರಿಕೆಗಳಿಗೆ ಕಳಿಸಿದ್ದೆಲ್ಲ ಬಂದ ದಾರಿಯಲ್ಲೇ ವಾಪಸಾಗುತ್ತಿತ್ತು. ಹೀಗಿರುವಾಗ ಒಂದು ದಿನ, ಮಗ್ಗದ ಮನೆಗಳಿಗೆ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿಕೊಟ್ಟು ಬದುಕುತ್ತಿದ್ದ ಒಬ್ಬ ಮುದುಕಿಯ ಅರ್ಜಿ ನನ್ನ ಮೇಜಿಗೆ ಬಂತು. ವೃದ್ಧಾಪ್ಯ ವೇತನ ಬೇಕು. ವಯಸ್ಸಿಗೆ ದಾಖಲೆ ತಾ ಎಂದು ಕಚೇರಿ ಅವಳನ್ನು ಮತ್ತೆ ಮತ್ತೆ ಹಿಂದಕ್ಕೆ ಕಳಿಸಿತ್ತು. ಅವಳ ಪರವಾಗಿ ಇವರು ಬರೆದಿದ್ದರು: ‘ನನ್ನ ವಯಸ್ಸು ಬರೆದಿಟ್ಟ ಕಾಗದ ಇಲ್ಲ. ನಮ್ಮೂರ ಕೆರೆ ಒಡೆದ ವರ್ಷ ನಾನು ಅಮ್ಮನ ಸೊಂಟದವರೆಗೆ ಬರುತ್ತಿದ್ದೆ. ಕೆರೆಯ ದಾಖಲೆ ತಮ್ಮ ಕಚೇರಿಯಲ್ಲೇ ಇರಬೇಕು, ನೋಡಿಕೊಳ್ಳಿ. ತಮ್ಮಲ್ಲಿಗೆ ನಾಲ್ಕು ಸಲ ಬಂದಿದ್ದೇನೆ. ಒಂದೊಂದು ಸಲಕ್ಕೂ ತಮ್ಮ ಮೆಟ್ಟಿಲು ಒಂದೊಂದು ಹೆಚ್ಚಾಗಿದೆ. ನನ್ನ ವಯಸ್ಸಿಗೆ ಅದನ್ನೂ ದಾಖಲೆ ಎಂದು ಹಿಡಿಯತಕ್ಕದ್ದು.’

ಓದಿ ನನ್ನ ಮೈ ಬೆಚ್ಚಗಾಯಿತು. ಕಣ್ಣಲ್ಲಿ ನೀರೂ ಬಂತು. ನನ್ನಂಥವರಿಗೆ ಅದು ಬೇಗ ಬರುತ್ತದೆ. ಆ ಕಾಗದಕ್ಕೆ ಸೀಲು ಹೊಡೆಯದೆ ಜೇಬಿಗೆ ಹಾಕಿಕೊಂಡು ಮನೆಗೆ ಒಯ್ದೆ. ಆ ಮೆಟ್ಟಿಲಿನ ಮಾತನ್ನು ನಡುವೆ ಇಟ್ಟು ಸುತ್ತ ಒಂದು ಕಥೆ ಕಟ್ಟಿದೆ. ಮುದುಕಿಯನ್ನು ಕೊನೆಯ ಮೆಟ್ಟಿಲ ಮೇಲೆ ಸಾಯಿಸಿದೆ. ದೀಪಾವಳಿ ಸಂಚಿಕೆಯ ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನ ಬಂತು. ಬಡವರ ಬವಣೆಯನ್ನು ಬಲ್ಲ ಹೊಸ ದನಿ ಎಂದು ತೀರ್ಪುಗಾರರು ಬರೆದರು. ಕಚೇರಿಯಲ್ಲಿ ಹಾರ ಹಾಕಿದರು. ಹೊಸ ದನಿ ಯಾರದೆಂದು ಬಲ್ಲವರು ಹೊಂಗೆ ಮರದ ಕೆಳಗೆ ಕೂತು, ಇನ್ಯಾರದೋ ಬೆರಳಿಗೆ ಮಸಿ ಹಚ್ಚುತ್ತಿದ್ದರು.

ಅವರು ಊರಿನ ವಾಚನಾಲಯದಲ್ಲಿ ಎಲ್ಲ ಪತ್ರಿಕೆಗಳನ್ನೂ ಓದುವವರು ಎಂಬುದು ನನಗೆ ಮರೆತೇ ಹೋಗಿತ್ತು. ಹಾರ ಹಾಕಿಸಿಕೊಂಡ ವಾರದಲ್ಲಿ ಅವರು ನನ್ನ ಮೇಜಿನ ಎದುರು ಬಂದು ನಿಂತರು. ಬೈಯುತ್ತಾರೆ ಎಂದುಕೊಂಡು ಉತ್ತರಗಳನ್ನು ಜೋಡಿಸಿಕೊಂಡೆ. ಪ್ರೇರಣೆ, ಪ್ರಭಾವ ಅಂಥವು ಏನೇನೋ.

"ನಿಮ್ ಕಥೆ ಓದ್ದೆ, ಚೆನ್ನಾಗೈತೆ. ಕಥೇಲಿ ಆಯಮ್ಮ ಸತ್ಲು. ಇಲ್ಲಿ ಬದುಕವ್ಳೆ ಸ್ವಾಮಿ, ಇನ್ನೂ ಪಿಂಚಣಿ ಬಂದಿಲ್ಲ. ಅರ್ಜಿ ಎಲ್ಲೈತೆ, ಸ್ವಲ್ಪ ನೋಡಿ" ಎಂದರು.

ಅರ್ಜಿ ನನ್ನ ಟ್ರಂಕಿನಲ್ಲಿ, ಕಥೆಯ ಹಸ್ತಪ್ರತಿಯ ಕೆಳಗೆ ಇತ್ತು. ಸರ್ಕಾರ ಬಡವರನ್ನು ಕಡೆಗಣಿಸುತ್ತದೆ ಎಂದು ನಾನು ಕಥೆಯಲ್ಲಿ ಬರೆದಿದ್ದೆನಲ್ಲ, ಆ ಸರ್ಕಾರ ನಾನೇ ಆಗಿದ್ದೆ. ಅವರು ಅದನ್ನು ಊಹಿಸಿದ್ದರೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಮಾರನೆಯ ದಿನ ಅರ್ಜಿಯನ್ನು ತಂದು ಹೊಸ ತಾರೀಖಿನ ಸೀಲು ಹೊಡೆದು, ಆಯಾ ಮೇಜಿನವರ ಬೆನ್ನು ಬಿದ್ದು ಕೆಲಸ ಮಾಡಿಸಿದೆ. ವೇತನ ಮಂಜೂರಾಯಿತು. ಒಂದು ದಿನ ಆ ಮುದುಕಿ ಸೆರಗಿನ ತುಂಬ ಸೊಗಡಿನ ಅವರೆಕಾಯಿ ಕಟ್ಟಿಕೊಂಡು ಮೆಟ್ಟಿಲು ಹತ್ತಿ ಬಂದು ನನ್ನ ಮೇಜಿನ ಮೇಲೆ ಸುರಿದಳು. "ನೀನೇ ಮಾಡ್ಸಿದ್ದಂತೆ ಕಣಪ್ಪ, ಮೇಷ್ಟ್ರು ಹೇಳುದ್ರು. ನಿನ್ ಹೊಟ್ಟೆ ತಣ್ಣಗಿರ್ಲಿ" ಎಂದಳು. ಕಿಟಕಿಯಿಂದ ನೋಡಿದರೆ ಅವರು ತಲೆ ತಗ್ಗಿಸಿ ಬರೆಯುತ್ತಿದ್ದರು, ಕಾಲು ಆಡುತ್ತಿತ್ತು. ಆ ಅವರೆಕಾಯಿಯನ್ನು ಮನೆಗೆ ಒಯ್ದೆ. ಹೆಂಡತಿ ಹುಳಿ ಮಾಡಿದಳು. ಉಂಡೆ.

ಎಪ್ಪತ್ತೈದರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂತು. ಕಚೇರಿಯ ಗೋಡೆಯ ಮೇಲೆ ಮಾತು ಕಡಿಮೆ ಮಾಡಿ ಎಂಬ ಬೋರ್ಡು ಏರಿತು. ಅಷ್ಟರಲ್ಲಿ ನಾನು ಸಾಹಿತಿ ಎನ್ನಿಸಿಕೊಂಡಿದ್ದೆ. ಒಂದು ಸಂಕಲನ ಬಂದಿತ್ತು, ಶೋಷಣೆ ಎಂಬ ಮಾತಿಲ್ಲದೆ ಭಾಷಣ ಮುಗಿಸುತ್ತಿರಲಿಲ್ಲ. ಬೋರ್ಡು ಏರಿದ ಮೇಲೆ ಆ ಮಾತು ನನ್ನ ಭಾಷಣಗಳಿಂದ ತಾನಾಗಿಯೇ ಇಳಿದುಹೋಯಿತು. ಪ್ರಕೃತಿಯ ಮೇಲೆ ಬರೆಯತೊಡಗಿದೆ. ಮುಂಜಾವಿನ ಮಂಜಿನ ಬಗ್ಗೆ ಆ ವರ್ಷ ನಾನು ಬರೆದಷ್ಟು ಯಾರೂ ಬರೆದಿರಲಿಕ್ಕಿಲ್ಲ.

ಅರ್ಜಿಗಳಿಗೂ ಹೊಸ ಕಟ್ಟಳೆ ಬಂತು. ಇನ್ನು ಮುಂದೆ ಅಚ್ಚಾದ ನಮೂನೆಯಲ್ಲೇ ಕೊಡಬೇಕು, ಕೋರಿಕೆಗೆ ಎರಡು ಗೆರೆ ಮಾತ್ರ ಎಂದು ನಮ್ಮ ತಹಶೀಲ್ದಾರರು ಹೇಳಿದರು. ಇವರು ನಮೂನೆಗಳನ್ನು ತೆಗೆದುಕೊಂಡು, ಎರಡು ಗೆರೆಯ ಜಾಗದಲ್ಲಿ ‘ಹಿಂಬದಿ ನೋಡಿ’ ಎಂದು ಬರೆದು, ಹಿಂದಿನ ಬಿಳಿ ಹಾಳೆಯ ತುಂಬ ಎಂದಿನಂತೆ ಬರೆದರು. ನಾನು ಹೆದರಿ, ಹೀಗೆ ಮಾಡಬೇಡಿ, ಕಾಲ ಸರಿಯಿಲ್ಲ ಎಂದೆ.

"ಸೀರೆ ತಗೊಳ್ಳೋರು ಸೆರಗು ತಿರುಗ್ಸಿ ಹಿಂದ್ಗಡೆ ನೇಯ್ಗೆ ನೋಡ್ತಾರೆ ಸ್ವಾಮಿ. ಸರ್ಕಾರಾನೂ ಒಂದ್ಸಲ ತಿರುಗ್ಸಿ ನೋಡ್ಲಿ ಬಿಡಿ."

ಮಾರನೆಯ ವರ್ಷ ಸಂತಾನಹರಣ ಶಸ್ತ್ರಚಿಕಿತ್ಸೆಯ ಗುರಿ ಬಂತು. ನೌಕರರೆಲ್ಲ ಜನರನ್ನು ಕರೆತರಬೇಕು, ಇಲ್ಲದಿದ್ದರೆ ಬಡ್ತಿ ನಿಲ್ಲುತ್ತದೆ. ನನ್ನ ಬಡ್ತಿಯೂ ಅದರಲ್ಲಿ ಸಿಕ್ಕಿಕೊಂಡಿತ್ತು. ಒಂದು ಮೂಲೆಯ ಹಳ್ಳಿಯಿಂದ ಹನ್ನೊಂದು ಗಂಡಸರನ್ನು, ಮನೆ ಕಟ್ಟಲು ಸೈಟು ಕೊಡುತ್ತಾರೆ, ಹೆಬ್ಬೆಟ್ಟು ಒತ್ತಿ ಬರೋಣ ಬನ್ನಿ ಎಂದು ವ್ಯಾನಿನಲ್ಲಿ ಕರೆದೊಯ್ದು ಶಸ್ತ್ರಚಿಕಿತ್ಸೆ ಮಾಡಿ ಕಳಿಸಿದರು. ಅವರಲ್ಲಿ ಒಬ್ಬನಿಗೆ ಮದುವೆಯೇ ಆಗಿರಲಿಲ್ಲ. ನಾಲ್ಕು ದಿನ ಬಿಟ್ಟು ಅವರೆಲ್ಲ ಹೊಂಗೆ ಮರದ ಕೆಳಗೆ ಬಂದು ಕೂತರು. ಅವತ್ತು ಇವರ ಕಾಲು ಬಹಳ ಹೊತ್ತು ಆಡಲಿಲ್ಲ.

ಬರೆದದ್ದನ್ನು ಅವರು ನನಗೆ ತೋರಿಸಿದರು. ಅದರಲ್ಲಿದ್ದ ಒಂದು ಮಾತು ನನಗೆ ಇವತ್ತಿಗೂ ಬಾಯಿಪಾಠ: ‘ಘಾಟಿಯ ದನದ ಜಾತ್ರೆಯಲ್ಲಿ ಹೋರಿಯ ಹಲ್ಲು ನೋಡಬೇಕಾದರೂ ಅದರ ಒಡೆಯನನ್ನು ಒಂದು ಮಾತು ಕೇಳಿ ಕೈಹಾಕುತ್ತಾರೆ. ನಮ್ಮ ಮೈಗೆ ಒಡೆಯರು ನಾವೇ ಆಗಿದ್ದೆವು. ನಮ್ಮನ್ನು ಯಾರೂ ಕೇಳಲಿಲ್ಲ.’ ಇದನ್ನು ಇಲ್ಲಿ ಕೊಡಬೇಡಿ, ನೇರ ಬೆಂಗಳೂರಿಗೆ ಮೇಲಿನವರಿಗೆ ಕಳಿಸಿ ಎಂದೆ. ಕೈಬರಹ ಬೇಡ, ಟೈಪು ಮಾಡಿಸಿ, ಬಿಕ್ಕಲಂ ಹಾಕಬೇಡಿ ಎಂದೂ ಹೇಳಿದೆ. ಅವರ ಮೇಲಿನ ಕಾಳಜಿಯಿಂದ ಹೇಳಿದೆ ಎಂದು ಬಹಳ ಕಾಲ ಅಂದುಕೊಂಡಿದ್ದೆ. ನಿಜ ಏನೆಂದರೆ, ಆ ಕಾಗದದ ಮೇಲೆ ನನ್ನ ಸೀಲು ಬೀಳುವುದು ನನಗೆ ಬೇಕಿರಲಿಲ್ಲ.

"ಬಿಕ್ಕಲಂ ಇಲ್ದಿದ್ರೆ ಎಲ್ಲಾ ಭಾರಾನೂ ಅವ್ರ ಬೆರಳ ಮೇಲೇ ಬೀಳ್ತದಲ್ಲ ಸ್ವಾಮಿ" ಎಂದು ಅವರು ಅನುಮಾನಿಸಿದರು. ನಾನು ಬಿಡಲಿಲ್ಲ. ಕಚೇರಿಯ ಒಳಗಿನವನು, ಓದಿದವನು ಹೇಳುತ್ತಿದ್ದಾನಲ್ಲ ಎಂದು ಒಪ್ಪಿಕೊಂಡರು. ಅವರು ಬಿಕ್ಕಲಂ ಬಿಟ್ಟ ಒಂದೇ ಅರ್ಜಿ ಅದು.

ಅರ್ಜಿ ಬೆಂಗಳೂರಿಗೆ ಹೋಗಿ, ಇದನ್ನು ಬರೆಸಿದವರು ಯಾರು, ವಿಚಾರಿಸಿ ಎಂಬ ಚೀಟಿ ಹೊತ್ತು ನಮ್ಮ ತಹಶೀಲ್ದಾರರ ಮೇಜಿಗೇ ಬಂತು. ಹನ್ನೊಂದೂ ಜನರನ್ನು ಕರೆಸಿ ಕಚೇರಿಯ ಜಗಲಿಯ ಮೇಲೆ ಕೂರಿಸಿದರು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಸಬ್‌ಇನ್‌ಸ್ಪೆಕ್ಟರು ಕೇಳಿದ. ಒಬ್ಬರೂ ಹೆಸರು ಹೇಳಲಿಲ್ಲ. ಮೇಷ್ಟ್ರು ಅಂದು ಹೊಂಗೆ ಮರದ ಕೆಳಗೆ ಇರಲಿಲ್ಲ, ನೆಂಟರ ಕೆಲಸಕ್ಕೆ ದೇವನಹಳ್ಳಿಗೆ ಹೋಗಿದ್ದರು. ಆಗ ತಹಶೀಲ್ದಾರರು ನನ್ನನ್ನು ಒಳಗೆ ಕರೆದು, ಕೂತುಕೊಳ್ಳಿ ಎಂದರು. ಅಷ್ಟು ವರ್ಷಗಳಲ್ಲಿ ಆ ಕೋಣೆಯಲ್ಲಿ ನನಗೆ ಕುರ್ಚಿ ಸಿಕ್ಕಿದ್ದು ಅದೇ ಮೊದಲು.

"ನೀವು ಸಾಹಿತಿಗಳಲ್ವೇನ್ರೀ. ಶೈಲಿ ನೋಡಿದ್ರೆ ನಿಮಗೆ ಗೊತ್ತಾಗುತ್ತೆ, ಯಾರದು ಇದು, ಹೇಳಿ" ಎಂದು ಅರ್ಜಿಯನ್ನು ನನ್ನ ಕಡೆ ತಳ್ಳಿದರು.

ನೋಡಬೇಕಾದದ್ದೇನೂ ಇರಲಿಲ್ಲ, ಮೊದಲೇ ಓದಿದ್ದೆ. ಆದರೆ ಮೊದಲೇ ಓದಿದ್ದೆ ಎಂದರೆ ನನ್ನ ಕುತ್ತಿಗೆಗೇ ಬರುತ್ತಿತ್ತು. ಹಾಗಾಗಿ ಕನ್ನಡಕ ಒರೆಸಿಕೊಂಡು, ಮೊದಲ ಸಲ ಓದುವವನಂತೆ ನಿಧಾನವಾಗಿ ಓದಿದೆ. ಹೂಂ, ಚಿಕ್ಕ ಚಿಕ್ಕ ವಾಕ್ಯಗಳು ಎಂದೆ. ಬೇಡಿಕೊಳ್ಳುತ್ತೇನೆ ಎಂಬ ಮಾತು ಎಲ್ಲೂ ಇಲ್ಲ ನೋಡಿ ಎಂದೆ. ಸಬ್‌ಇನ್‌ಸ್ಪೆಕ್ಟರು ಮೆಚ್ಚಿಕೊಂಡು ತಲೆದೂಗಿದ. ಹೇಳಲು ನಾಚಿಕೆಯಾಗುತ್ತದೆ, ಆ ಹೊತ್ತಿನಲ್ಲಿ ನನಗೆ ಒಳಗೊಳಗೇ ಹೆಮ್ಮೆಯೂ ಆಯಿತು. ನನ್ನ ವಿಮರ್ಶೆಯನ್ನು ಅಷ್ಟು ಗಮನವಿಟ್ಟು ಯಾರೂ ಕೇಳಿರಲಿಲ್ಲ. ಬಾಯಲ್ಲಿ ಹೇಳಿದರೆ ಸಾಲದು, ಬರೆದುಕೊಡಿ ಎಂದರು ತಹಶೀಲ್ದಾರರು. ನಾನು ಪೆನ್ನು ತೆಗೆದು, ಆ ಹನ್ನೊಂದು ಹೆಬ್ಬೆಟ್ಟುಗಳ ಕೆಳಗೆ, ಖಾಲಿ ಬಿಟ್ಟಿದ್ದ ಜಾಗದಲ್ಲಿ, ಬಿಕ್ಕಲಂ ಎಂದು ಬರೆದು ಅವರ ಹೆಸರು ಹಾಕಿದೆ.

ಜಗಲಿಯ ಮೇಲಿದ್ದವರನ್ನು ಬಿಟ್ಟುಕಳಿಸಿದರು. ಮಾರನೆಯ ಬೆಳಿಗ್ಗೆ ಮೇಷ್ಟ್ರನ್ನು ಪೊಲೀಸರು ಮನೆಯಿಂದ ಕರೆದುಕೊಂಡು ಹೋದರು. ಹನ್ನೊಂದು ಬಡವರನ್ನು ಉಳಿಸಲು ಹೇಳಬೇಕಾಯಿತು ಎಂದು ಹೆಂಡತಿಗೆ ಹೇಳಿದೆ. ಎರಡು ತಿಂಗಳಿಗೆ ನನ್ನ ಬಡ್ತಿ ಬಂತು. ಕಚೇರಿಗೆ ಹೋಗಲು ಅವರ ಮನೆಯ ಮುಂದಿನ ಬೀದಿಯೇ ಹತ್ತಿರ. ಅಂದಿನಿಂದ ಸಂತೆ ಬೀದಿ ಸುತ್ತಿಕೊಂಡು ಹೋಗತೊಡಗಿದೆ. ಅವರ ಹೆಂಡತಿ ಆ ಮುದುಕಿಯ ಹಾಗೆಯೇ ಮಗ್ಗದ ಮನೆಗಳಿಗೆ ಕಂಡಿಕೆ ಸುತ್ತಿ ದಿನ ದೂಡುತ್ತಿದ್ದಾರೆ ಎಂದು ಅವರಿವರಿಂದ ಕೇಳಿದೆ. ಹೋಗಿ ನೋಡಲಿಲ್ಲ.

ಎಪ್ಪತ್ತೇಳರಲ್ಲಿ ಚುನಾವಣೆ ಆಗಿ ಅವರು ಜೈಲಿನಿಂದ ಹೊರಗೆ ಬಂದರು. ಬಂದ ಸೋಮವಾರವೇ ಪೆಟ್ಟಿಗೆ ಹೊತ್ತುಕೊಂಡು ಹೊಂಗೆ ಮರದ ಕೆಳಗೆ ಹಾಜರು. ತೀರಾ ಸೊರಗಿದ್ದರು. ನಾನು ಬೆಳಗಿನಿಂದ ಕಿಟಕಿಯತ್ತ ತಿರುಗದೆ ಕೂತಿದ್ದು, ಊಟದ ಹೊತ್ತಿಗೆ ತಡೆಯಲಾರದೆ ಎದ್ದು ಹೋಗಿ ಅವರ ಚಾಪೆಯ ಅಂಚಿನಲ್ಲಿ ನಿಂತೆ. ಹೆಸರು ಬರೆದದ್ದು ನಾನು ಎಂದೆ.

"ಗೊತ್ತು ಸ್ವಾಮಿ. ಕಾಗದ ತೋರ್ಸಿದ್ರು. ಅದು ನಾನೇ ಹಾಕ್ಬೇಕಾಗಿದ್ದ ಸಾಲು, ಹಾಕ್ಲಿಲ್ಲ. ಅವ್ರೆಲ್ಲ ಜಗಲಿ ಮೇಲೆ ಕೂರೋ ಹಂಗಾಗಿದ್ದು ನನ್ ತಪ್ಪು."

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಕ್ಷಮೆ ಸಿಕ್ಕಿತೆಂದು ಹಗುರವಾಗಿ ಒಳಗೆ ಹೋಗುತ್ತಿದ್ದೆ. ಅವರು ಪೆನ್ನಿನ ಮುಚ್ಚಳ ತಿರುಗಿಸುತ್ತ, ಕೋಪವಿಲ್ಲದೆ, ನಿಜವಾಗಿ ತಿಳಿಯಬೇಕೆಂಬಂತೆ ಕೇಳಿದರು.

"ಒಳಗಡೆ ಎಲ್ರೂ ಕೇಳಿದ್ದು ಒಂದೇ, ಯಾರ್ ಬರೆದಿದ್ದು, ಯಾರ್ ಬರೆಸಿದ್ದು. ಏನ್ ಬರೆದೈತೆ ಅಂತ ಒಬ್ರೂ ನೋಡ್ಲಿಲ್ಲ. ಅದನ್ನ ಕೊನೇವರ್ಗೂ ಓದಿದೋರು ಅಂದ್ರೆ ನೀವೊಬ್ರೇ. ಓದಿದ್ರಲ್ಲ ಸ್ವಾಮಿ, ಆಮೇಲೆ ಏನಾಯ್ತು ಆ ಅರ್ಜಿ?"

ಆ ಅರ್ಜಿಯನ್ನು, ಕ್ರಮ ಕೈಗೊಳ್ಳಲಾಗಿದೆ ಎಂದು ಬರೆದು, ನಾನೇ ಕಟ್ಟಿ ಬೀರುವಿಗೆ ಹಾಕಿದ್ದೆ. ಆ ಹನ್ನೊಂದು ಜನರ ಬಗ್ಗೆ ಒಂದು ಅಕ್ಷರ ಮುಂದೆ ಹೋಗಿರಲಿಲ್ಲ. ಬೀರುವಿನಲ್ಲಿದೆ ಎಂದೆ. ಅವರು ಸರಿ ಹಾಗಾದರೆ ಎಂದು ಹೊಸ ಹಾಳೆ ತೆಗೆದು, ಅದೇ ಅರ್ಜಿಯನ್ನು ನೆನಪಿನಿಂದ ಮತ್ತೆ ಬರೆಯತೊಡಗಿದರು. ಕಾಲು ಆಡುತ್ತಿರಲಿಲ್ಲ. ಆಮೇಲೆ ಎಂದೂ ಆಡಲಿಲ್ಲ. ಒಳಗೆ ಏನು ನಡೆಯಿತೆಂದು ಅವರು ಹೇಳಲಿಲ್ಲ, ಕೇಳುವ ಮುಖ ನನಗಿರಲಿಲ್ಲ.

ಆ ಕಚೇರಿಯಲ್ಲಿ ನಾನು ಇನ್ನೂ ನಾಲ್ಕು ವರ್ಷ ಇದ್ದೆ. ದಿನಕ್ಕೆ ಐದಾರು ಸಲ ಕಿಟಕಿಯಲ್ಲಿ ಅವರ ಹೆಸರು ಅವರದೇ ದನಿಯಲ್ಲಿ ಕೇಳಿಸುತ್ತಿತ್ತು. ನನಗೆ ಕೇಳಲೆಂದು ಅವರು ದನಿ ಏರಿಸಲೂ ಇಲ್ಲ, ನನಗೆ ನೋವಾದೀತೆಂದು ತಗ್ಗಿಸಲೂ ಇಲ್ಲ. ವರ್ಗವಾದಾಗ ನನಗೆ ಖುಷಿಯಾಯಿತು. ಆಮೇಲೂ ಕಥೆ ಬರೆದೆ, ಎರಡು ಸಂಕಲನ ಬಂದವು, ತುರ್ತು ಪರಿಸ್ಥಿತಿಯ ದಿನಗಳ ಮೇಲೆ ಭಾಷಣವನ್ನೂ ಮಾಡಿದೆ. ಅವರು ಒಂದು ಪುಸ್ತಕವನ್ನೂ ಬರೆಯಲಿಲ್ಲ. ಬರೆದದ್ದೆಲ್ಲ ಸರ್ಕಾರದ ಬೀರುಗಳಲ್ಲಿ ಇದೆ, ಅಥವಾ ಗೆದ್ದಲು ತಿಂದಿದೆ.

ಸಂಚಿಕೆಯವರು ಇದನ್ನು ಓದಿ, ಇಡೀ ಬರಹದಲ್ಲಿ ಅವರ ಹೆಸರೇ ಇಲ್ಲವಲ್ಲ ಸಾರ್ ಎಂದು ಕೇಳುತ್ತಾರೆ. ಆ ಹೆಸರನ್ನು ನನ್ನ ಕೈ ಒಂದು ಸಲ ಬರೆದಿದೆ, ಅಷ್ಟು ಸಾಕು. ಮುಗಿಸಿದ ಮೇಲೆ ಅವರು ಓದುತ್ತಿದ್ದ ಹಾಗೆಯೇ ಇದನ್ನು ಮೊದಲಿನಿಂದ ಗಟ್ಟಿಯಾಗಿ ಓದಿದೆ. ‘ಹೂಂ, ನನ್ ಮಾತೇ’ ಎನ್ನಬೇಕಾದವನು ನಾನೇ ಆದ್ದರಿಂದ, ಅದನ್ನೂ ಬಾಯಿಬಿಟ್ಟು ಹೇಳಿದೆ. ಕೊನೆಯ ಹಾಳೆಯ ಕೆಳಗೆ ಬಿಕ್ಕಲಂ ಎಂದು ಬರೆದು, ಈ ಸಲ ನನ್ನ ಹೆಸರು ಹಾಕಿದ್ದೇನೆ.